ಅಲಾಯ್ ಚಕ್ರವೂ ನನ್ನ ಸೀಟೂ

ಭಾನುವಾರ ಬೆಳಗ್ಗೆ ನಮ್ಮ ಅಡುಗೆಮನೆಯಲ್ಲಿ ಎರಡು ವಾಸನೆ ಜಗಳಕ್ಕೆ ನಿಲ್ಲುತ್ತವೆ. ಒಂದು ಉಪ್ಪಿಟ್ಟಿನ ಒಗ್ಗರಣೆಯದು. ಅದು ನನ್ನದು. ಇನ್ನೊಂದು ಕಿಟಕಿಯಾಚೆಯಿಂದ ಬರುವ ಟೈರ್ ಪಾಲಿಶ್‌ನದು. ಅದು ನಮ್ಮ ಯಜಮಾನರದು. ಗುಂಡ್ಲುಪೇಟೆಯ ನಮ್ಮ ಬೀದಿಯ ಜನ ಹಾಲಿನ ಪ್ಯಾಕೆಟ್ಟು ತರಲು ಹೊರಡುವ ಹೊತ್ತಿಗೆ ಅವರು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿರುತ್ತದೆ. ಕೈಯಲ್ಲಿ ಹರಿದ ಬನಿಯನ್ ತುಂಡು, ಪಕ್ಕದಲ್ಲಿ ಹಲ್ಲುಜ್ಜಿ ಸವೆದ ಬ್ರಷ್ಷು. ಚಕ್ರದ ಸಂದಿಸಂದಿಗೂ ಬ್ರಷ್ಷು ತೂರಿಸಿ ತಿಕ್ಕುತ್ತಾರೆ, ಹಿಂದೆ ಸರಿದು ತಲೆ ಓರೆ ಮಾಡಿ ನೋಡುತ್ತಾರೆ, ಮತ್ತೆ ತಿಕ್ಕುತ್ತಾರೆ. ನಮ್ಮ ಮಗಳು ಚಿಕ್ಕವಳಿದ್ದಾಗ ಇದರಲ್ಲಿ ಕಾಲು ಭಾಗ ಶ್ರದ್ಧೆಯಿಂದ ಒಂದು ದಿನ ಅವಳ ಕಿವಿಯ ಹಿಂದೆ ತಿಕ್ಕಿದ್ದರೆ ನನ್ನ ಬೆನ್ನಿಗೆ ಎಷ್ಟು ಆರಾಮಾಗುತ್ತಿತ್ತು ಎಂದು ನಾನು ಬಾಣಲೆಗೆ ಹೇಳಿಕೊಳ್ಳುತ್ತೇನೆ. ಉಪ್ಪಿಟ್ಟು ಆರಿ ಗಟ್ಟಿಯಾದ ಮೇಲೆ ಅವರು ಒಳಗೆ ಬಂದು, ಯಾಕೆ ಗಟ್ಟಿಯಾಗಿದೆ ಎಂದು ಕೇಳುತ್ತಾರೆ.

ಆ ಪಾಲಿಶ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಕಾರು ಕೊಂಡ ಆ ಕಾಲ ನೆನಪಾಗಿ ನನ್ನ ತಲೆ ಈಗಲೂ ಬಿಸಿಯಾಗುತ್ತದೆ. ನೀವು ಕಾರು ಕೊಂಡವರಾದರೆ ನನ್ನ ಸಂಕಟ ನಿಮಗೆ ಅರ್ಥವಾದೀತು. ಇನ್ನೂ ಕೊಳ್ಳದವರಾದರೆ ಈಗಲೇ ಹೇಳಿರುತ್ತೇನೆ, ಕಾರನ್ನು ಒಪ್ಪುವುದು ಸುಲಭ, ಅದರ ಚಕ್ರವನ್ನು ಒಪ್ಪುವುದು ಕಷ್ಟ. ನನ್ನನ್ನು ನೋಡಲು ಬಂದ ದಿನ ನಮ್ಮ ಯಜಮಾನರ ಕಡೆಯವರು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಒಪ್ಪಿಗೆ ಹೇಳಿದ್ದರು. ಅದೇ ಮನೆಯವರು ಒಂದು ಸಣ್ಣ ಕಾರಿನ ಚಕ್ರ ಯಾವುದಿರಬೇಕು ಎಂದು ತೀರ್ಮಾನಿಸಲು ಇಡೀ ಮಳೆಗಾಲ ತೆಗೆದುಕೊಂಡರು. ಸೀರೆ ಅಂಗಡಿಯಲ್ಲಿ ನಾನು ಅರ್ಧ ಗಂಟೆ ಕೂತರೆ ಗಡಿಯಾರ ನೋಡುವವರು ಇವರೇ.

ಕಾರು ಬೇಕು ಎಂದು ಮೊದಲು ಬಾಯಿ ಬಿಟ್ಟವಳು ನಾನು. ಈ ಸಂಗತಿ ಆಮೇಲೆ ಎಲ್ಲರಿಗೂ ಮರೆತುಹೋಯಿತಾದ್ದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ಶಾಲೆ ಇರುವುದು ಕೇರಳ ರಸ್ತೆಯಲ್ಲಿರುವ ನಮ್ಮ ತಾಲೂಕಿನದೇ ಮದ್ದೂರಿನ ಕಡೆ, ಕಾಡಿನ ಅಂಚಿಗೆ ಅಂಟಿಕೊಂಡ ಒಂದು ಸಣ್ಣ ಊರಿನಲ್ಲಿ. ಬೆಳಗಿನ ಬಸ್ಸು ಹೇಗೋ ಸಿಗುತ್ತದೆ. ಸಂಜೆಯ ಬಸ್ಸು ಮಾತ್ರ ತನ್ನ ಮರ್ಜಿಯದು. ಕೇರಳದ ಕಡೆಯಿಂದಲೇ ತುಂಬಿಕೊಂಡು ಬಂದರೆ ನಮ್ಮ ಸ್ಟಾಪಿನಲ್ಲಿ ನಿಲ್ಲುವುದೇ ಇಲ್ಲ. ಆಗ ಬಾಳೆಗೊನೆ ತುಂಬಿದ ಗೂಡ್ಸ್ ಆಟೋ, ಯಾರದೋ ಜೀಪು, ಜೊತೆಯ ಮೇಷ್ಟ್ರ ಬೈಕಿನ ಹಿಂದಿನ ಸೀಟು, ಸಿಕ್ಕಿದ್ದರಲ್ಲಿ ಏರಿ ಬರಬೇಕು. ಕತ್ತಲಾದರೆ ಆ ದಾರಿಯಲ್ಲಿ ಆನೆ ಇಳಿಯುತ್ತದೆ, ಅದು ನಮಗೆ ಹೊಸ ಸುದ್ದಿಯೇನಲ್ಲ. ನನಗೆ ಬೇಸರವಾಗುತ್ತಿದ್ದದ್ದು ಆನೆಗಿಂತ ಹೆಚ್ಚಾಗಿ ಕಾಯುವುದಕ್ಕೆ. ನನ್ನ ಸರ್ವೀಸು ಪೂರ್ತಿ ನಾನು ಮನೆಗೆ ಬಂದದ್ದು ಬೇರೆ ಯಾರೋ ಹೊರಟಾಗ. ನಾನು ಹೊರಡಬೇಕು ಎಂದುಕೊಂಡ ಗಳಿಗೆಗೆ ಒಂದು ದಿನವೂ ಹೊರಟಿಲ್ಲ. ಶಾಲೆಗೆ ಬೀಗ ಹಾಕಿ, ನನ್ನ ಗಾಡಿಯ ಕೀಲಿಕೈ ತಿರುಗಿಸಿ, ನಾನೇ ಓಡಿಸಿಕೊಂಡು ಬರಬೇಕು. ನನ್ನ ಆಸೆ ಇಷ್ಟೇ ಇತ್ತು.

ಅದಕ್ಕಾಗಿ ಡ್ರೈವಿಂಗ್ ಕೂಡ ಕಲಿತಿದ್ದೆ. ಇಲ್ಲಿ ನನ್ನ ಎತ್ತರದ ವಿಷಯ ಹೇಳಬೇಕಾಗುತ್ತದೆ. ದೇವರು ನನಗೆ ಮಾತು ಕೊಡುವಾಗ ಕೈ ಸಡಿಲ ಬಿಟ್ಟ, ಎತ್ತರ ಕೊಡುವಾಗ ಬಿಗಿ ಹಿಡಿದ. ನನ್ನ ತರಗತಿಯ ಕಪ್ಪುಹಲಗೆಯ ಮೇಲಿನ ಭಾಗಕ್ಕೆ ನನ್ನ ಕೈ ಎಟಕುವುದಿಲ್ಲ, ಅಲ್ಲಿ ಹಿಂದಿದ್ದ ಮೇಷ್ಟ್ರು ಬರೆದ ಸುಭಾಷಿತ ಇವತ್ತಿಗೂ ಅಳಿಸದೆ ಉಳಿದಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನಂಥವರಿಗೆಂದೇ ಒಂದು ದಿಂಬು ಇಟ್ಟಿದ್ದರು. ಎಣ್ಣೆ ಹಿಡಿದು ಕಪ್ಪಾಗಿದ್ದ ದಿಂಬು. ಅದರ ಮೇಲೆ ಕೂತರೆ ರಸ್ತೆ ಕಾಣುತ್ತಿತ್ತು, ನಿಜ. ಆದರೆ ಕ್ಲಚ್ಚು ಒತ್ತಿದಾಗಲೆಲ್ಲ ದಿಂಬು ನನ್ನನ್ನೂ ಹೊತ್ತುಕೊಂಡು ಮುಂದಕ್ಕೆ ಜಾರುತ್ತಿತ್ತು. ಒಂದು ದಿನ ಹಂಪಿನ ಮುಂದೆ ಹೀಗೇ ಜಾರಿ ನನ್ನ ಗದ್ದ ಸ್ಟೀರಿಂಗಿಗೆ ತಾಗಿ, ಹಾರ್ನ್ ಹೊಡೆದುಕೊಂಡು, ಮುಂದೆ ಹೋಗುತ್ತಿದ್ದ ಕುರಿ ಮಂದೆಯೆಲ್ಲ ಚೆದುರಿತು. ಕಲಿಸುವವರು ತಮ್ಮ ಕಡೆಯ ಬ್ರೇಕು ಒತ್ತಿದ್ದರಿಂದ ಕುರಿಗಳೂ ಉಳಿದವು, ನನ್ನ ಮಾನವೂ ಅರ್ಧ ಉಳಿಯಿತು. ಲೈಸೆನ್ಸು ಬಂತು. ನನ್ನ ಗಾಡಿಯಲ್ಲಿ ದಿಂಬು ಇರಕೂಡದು ಎಂದು ಅವತ್ತೇ ನಿಶ್ಚಯ ಮಾಡಿದೆ.

ಇನ್ನು ನಮ್ಮ ಯಜಮಾನರು. ಅವರು ಕಾರಿನ ಬಗ್ಗೆ ಓದಿದ್ದೆಲ್ಲ ಊಟಿ ರಸ್ತೆಯ ಒಂದು ಟೀ ಅಂಗಡಿಯಲ್ಲಿ. ಗುಂಡ್ಲುಪೇಟೆಯಲ್ಲಿ ಇರುವವರಿಗೆ ಇದೊಂದು ಅನುಕೂಲ ನೋಡಿ, ಊಟಿಗೆ ಹೋಗುವ ಕಾರೂ ಕೇರಳಕ್ಕೆ ಹೋಗುವ ಕಾರೂ ನಮ್ಮ ಮೂಗಿನ ಮುಂದೆಯೇ ಹಾಯಬೇಕು. ಚೆಂಡು ಹೂವಿನ ಕಾಲದಲ್ಲಂತೂ ಹೊಲದ ಬದುವಿಗೆ ಕಾರು ನಿಲ್ಲಿಸಿ ಎಲ್ಲರೂ ಹೂವಿನೊಳಗೆ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಊರಿನ ಬೇರೆಯವರು ಬಂದ ಜನರನ್ನು ನೋಡಿದರೆ ಇವರು ಬಗ್ಗಿ ಚಕ್ರ ನೋಡುತ್ತಿದ್ದರು. ಟೀ ಅಂಗಡಿಯವನು ಕೇರಳದ ಬತ್ತೇರಿ ಕಡೆಯವನು, ಅವನೂ ಇದೇ ಹುಚ್ಚಿನವನು. ಇಬ್ಬರೂ ಸೇರಿ, ಹಾದುಹೋದ ಕಾರಿನ ಚಕ್ರ ಹೊಳೆಯುವಂತೆ ಕಡೆದ ಡೈಮಂಡ್ ಕಟ್ಟೋ ಮಾಮೂಲಿಯೋ, ಕಂಪನಿಯದೋ ಹೊರಗೆ ಹಾಕಿಸಿದ್ದೋ ಎಂದು ವಾದಿಸುತ್ತಿದ್ದರು. ಮನೆಗೆ ಬಂದು ನನಗೂ ಪಾಠ ಒಪ್ಪಿಸುತ್ತಿದ್ದರು. ಉಕ್ಕಿನ ಚಕ್ರ ಬಡವರದು, ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿದರೆ ಬಡತನ ಮುಚ್ಚಿಕೊಂಡವರದು, ಹಗುರ ಮಿಶ್ರಲೋಹದ ಅಲಾಯ್ ಹಾಕಿದರೆ ಮಾತ್ರ ಕಾರು ಕಾರಿನಂತೆ ಕಾಣುತ್ತದೆ. ಸೀಟು ಹೇಗಿರಬೇಕು ಎಂದು ನಾನು ಕೇಳಿದರೆ, ಸೀಟು ಎಲ್ಲ ಕಾರಿಗೂ ಇರುತ್ತದೆ ಎನ್ನುತ್ತಿದ್ದರು.

ಚಾಮರಾಜನಗರದ ಶೋರೂಮಿಗೆ ನಾವು ಹೋದದ್ದು ಒಂದು ರಜೆಯ ದಿನ. ಟೈ ಕಟ್ಟಿದ್ದ ಸೇಲ್ಸ್‌ನವನು ಬಹಳ ವಿನಯದವನು. ಇಂಜಿನ್ನು, ಮೈಲೇಜು, ಚಕ್ರ, ಎಲ್ಲವನ್ನೂ ಯಜಮಾನರಿಗೆ ವಿವರಿಸಿದ. ಪ್ರತಿ ವಾಕ್ಯಕ್ಕೂ ಎರಡು ಸರ್ ಇತ್ತು. ಒಂದೇ ಕಾರಿಗೆ ಇಂಗ್ಲಿಷ್ ಅಕ್ಷರಗಳ ಬಾಲ ಬೇರೆಬೇರೆ ಅಂಟಿಸಿ, ಕೆಳಗಿನದು, ನಡುವಿನದು, ಮೇಲಿನದು ಎಂದು ಮಾಡಿಟ್ಟಿದ್ದಾರೆ. ಕೆಳಗಿನದಕ್ಕೆ ಬರಿಯ ಉಕ್ಕಿನ ಚಕ್ರ. ನಡುವಿನದಕ್ಕೆ ಅದೇ ಚಕ್ರ, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಮೇಲಿನದಕ್ಕೆ ಅಲಾಯ್. ಇಷ್ಟನ್ನೂ ಹೇಳಿ ಮುಗಿಸಿ ಅವನು ನನ್ನ ಕಡೆ ತಿರುಗಿ, ಮೇಡಂಗೆ ಯಾವ ಕಲರ್ ಇಷ್ಟ ಎಂದು ಕೇಳಿದ. ಆಮೇಲೆ ಪಕ್ಕದ ಸೀಟಿನ ಕಡೆಯ ಬಾಗಿಲು ತೆಗೆದು, ಮೇಲೆ ಮಡಚಿಟ್ಟಿದ್ದ, ಬಿಸಿಲು ತಡೆಯುವ ಹಲಗೆಯನ್ನು ಕೆಳಗಿಳಿಸಿ, ಮೇಡಂಗೆ ಕನ್ನಡಿ ಕೂಡ ಇದೆ ನೋಡಿ ಎಂದ. ನಾನು ಕನ್ನಡಿ ನೋಡಿದೆ. ಅದರಲ್ಲಿ ಕಂಡ ಮುಖಕ್ಕೆ ಬಣ್ಣದ ವಿಷಯ ಮಾತಾಡುವ ಮನಸ್ಸಿರಲಿಲ್ಲ.

ನಾನೂ ಓಡಿಸಿ ನೋಡುತ್ತೇನೆ ಎಂದೆ. ಅವನು ನಗುತ್ತಲೇ ಯಜಮಾನರ ಮುಖ ನೋಡಿದ. ಅವರು ಆಗಲಿ ಎಂಬಂತೆ ಕೈಯಾಡಿಸಿದರು. ನಡುವಿನ ಕಾರಿನಲ್ಲಿ ಸ್ಟೀರಿಂಗ್ ಹಿಂದೆ ಕೂತೆ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದೆ. ಸ್ಟೀರಿಂಗಿನ ಮೇಲಂಚು ಕಂಡಿತು, ಅದರಾಚೆ ಒಂದು ತೆಂಗಿನ ಮರದ ತಲೆ ಕಂಡಿತು, ಆಕಾಶ ಧಾರಾಳವಾಗಿ ಕಂಡಿತು. ರಸ್ತೆ ಕಾಣಲಿಲ್ಲ. ಇದನ್ನು ಎತ್ತರಿಸಲು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ, ಸೀಟು ಎತ್ತುವ ಲಿವರ್ ಇದರಲ್ಲಿ ಬರಲ್ಲ ಮೇಡಂ, ಮೇಲಿನದರಲ್ಲಿ ಮಾತ್ರ ಎಂದ. ನಾನು ಅಲ್ಲಿಂದ ಇಳಿದು ಮೇಲಿನದಕ್ಕೆ ಹೋಗಿ ಕೂತೆ. ಸೀಟಿನ ಬಲಗಡೆ ಒಂದು ಹಿಡಿಕೆ ಇತ್ತು. ಬೀದಿಯ ಬೋರ್‌ವೆಲ್ ಕೈಪಂಪು ಒತ್ತಿದ ಹಾಗೆ ಮೇಲೆ ಕೆಳಗೆ ಆಡಿಸುತ್ತ ಹೋದರೆ ಸೀಟು ಇಷ್ಟಿಷ್ಟೇ ಏರುತ್ತದೆ. ತೆಂಗಿನ ಮರ ಪೂರ್ತಿ ಕಂಡಿತು. ಅದರ ಬುಡ ಕಂಡಿತು. ಆಮೇಲೆ ಗಾಜಿನ ಗೋಡೆಯಾಚೆ ರಸ್ತೆ ಕಂಡಿತು, ರಸ್ತೆಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದವನು ಕಂಡ, ಕಾರಿನ ಮೂತಿಯ ಅಂಚೂ ಕಂಡಿತು. ನಿಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆ ಸೈಕಲ್ಲಿನವನು ಮರೆಯಾಗುವವರೆಗೂ ನಾನು ನೋಡುತ್ತಲೇ ಇದ್ದೆ. ಇದೇ ಇರಲಿ ಎಂದು ಹೇಳೋಣ ಎಂದು ಯಜಮಾನರನ್ನು ಹುಡುಕಿದರೆ ಅವರು ಅದೇ ಕಾರಿನ ಮುಂದಿನ ಚಕ್ರದ ಬಳಿ ಕೂತು ಬೆರಳ ಗೆಣ್ಣಿನಿಂದ ಅದನ್ನು ಕುಟ್ಟುತ್ತಿದ್ದರು.

"ಇದು ಚಿಕ್ಕದು ಕಣೇ. ನೋಡೋಕೂ ಸಪ್ಪೆ," ಎಂದರು.

ಮನೆಗೆ ಬರುವ ದಾರಿಯಲ್ಲಿ ಅವರು ತಮ್ಮ ಯೋಜನೆ ಬಿಚ್ಚಿಟ್ಟರು. ನಡುವಿನ ಕಾರು ಕೊಳ್ಳುವುದು. ಉಳಿಯುವ ದುಡ್ಡಿನಲ್ಲಿ ಮೈಸೂರಿಗೆ ಹೋಗಿ ಹೊರಗೆ ಇನ್ನೂ ಒಂದು ಅಂಗುಲ ದೊಡ್ಡ ಅಲಾಯ್ ಹಾಕಿಸುವುದು. ಕಂಪನಿಯವರ ಚಕ್ರಕ್ಕಿಂತ ಅದು ಸಾವಿರ ಪಾಲು ಚೆಂದ. ಸೀಟು ಎತ್ತುವ ಲಿವರ್ ಇರುವುದು ಮೇಲಿನದರಲ್ಲಿ ಎಂದೆ. ಅದಕ್ಕೇನಂತೆ, ದಿಂಬು ಹಾಕಿಕೊಂಡರಾಯಿತು ಎಂದರು. ದಿಂಬು ಜಾರುತ್ತದೆ ಎಂದೆ. ಹೇಗೂ ನಾನೇ ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುತ್ತೇನಲ್ಲ, ನೀನು ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಎಂದರು. ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ಅದಕ್ಕೇ ನನಗೆ ಇನ್ನಷ್ಟು ರೇಗಿತು. ಬಸ್ಸಿಗೆ ಕಾಯುವುದು ತಪ್ಪಿ ಇನ್ನು ಮೇಲೆ ಗಂಡನಿಗೆ ಕಾಯುವುದು, ಅದೂ ದೊಡ್ಡ ಅಲಾಯ್ ಚಕ್ರ ಇರುವ ಗಂಡನಿಗೆ.

ಇಷ್ಟಾದರೂ ಬೇಗ ಮುಗಿಯುತ್ತಿತ್ತೋ ಏನೋ, ಅಷ್ಟರಲ್ಲಿ ಕುದೇರಿನಿಂದ ನಮ್ಮ ಭಾವ ಪ್ರವೇಶ ಮಾಡಿದರು. ಇವರು ಯಜಮಾನರ ಅಣ್ಣ, ಜಮೀನು ನೋಡಿಕೊಂಡು ನಮ್ಮ ಅತ್ತೆಯ ಜೊತೆ ಊರಿನಲ್ಲೇ ಇದ್ದಾರೆ. ನಮ್ಮ ಮನೆಯಲ್ಲಿ ಎತ್ತು ಕೊಂಡರೂ ಟಿಲ್ಲರ್ ಕೊಂಡರೂ ಭಾವ ಒಂದು ಸಲ ಸುತ್ತು ಹಾಕಿ ನೋಡಿ ಹೂಂ ಅನ್ನಬೇಕು. ಶೋರೂಮಿಗೆ ಅವರನ್ನೂ ಕರೆದುಕೊಂಡು ಹೋದೆವು. ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಂಡು ಕಾರನ್ನು ಮೂರು ಸಲ ಸುತ್ತಿದರು. ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಕೊನೆಗೆ ಅಲಾಯ್ ಬೇಡವೇ ಬೇಡ ಎಂದರು. ಪುಣಜನೂರಿನಲ್ಲಿ ಅವರ ಪರಿಚಯದವರೊಬ್ಬರು ಅಲಾಯ್ ಹಾಕಿಸಿದ್ದರಂತೆ, ಸತ್ಯಮಂಗಲದ ರಸ್ತೆಯಲ್ಲಿ ಗುಂಡಿಗೆ ಬಿದ್ದು ಚಕ್ರ ಸೀಳಿತಂತೆ. "ಕಬ್ಬುಣದ್ದಾದ್ರೆ ಸೊಟ್ಟಗಾಯ್ತದೆ, ಬಡ್ದು ನೆಟ್ಟುಗ್ ಮಾಡ್ಬೋದು ಕಣ್ಲಾ. ಈ ಶೋಕಿದು ಒಡ್ದೋದ್ರೆ ಏನ್ಲಾ ಮಾಡೀಯೆ?" ಎಂದು ತಮ್ಮನನ್ನು ಕೇಳಿದರು. ತಮ್ಮ ಅಷ್ಟು ಜನರ ಮುಂದೆ ಅಣ್ಣನಿಗೆ ಎದುರಾಡಲಿಲ್ಲ. ಮನೆಗೆ ಬಂದು ನನ್ನ ಮುಂದೆ ಎದುರಾಡಿದರು.

ಮಳೆ ಹಿಡಿದುಕೊಂಡಿತು. ಗುಂಡ್ಲುಪೇಟೆಗೂ ಕುದೇರಿಗೂ ನಡುವೆ ಫೋನು ಓಡಾಡಿತು. ಇವರು ಅಲಾಯ್ ಹಗುರ, ಮೈಲೇಜು ಹೆಚ್ಚು ಎನ್ನುವುದು, ಅವರು ಪುಣಜನೂರಿನ ಗುಂಡಿಯನ್ನು ಮತ್ತೊಮ್ಮೆ ಅಗೆಯುವುದು. ಉಕ್ಕಿನ ಚಕ್ರದ ಮುಚ್ಚಳ ನಮ್ಮೂರ ಹಂಪುಗಳಿಗೆ ಹಾರಿಹೋಗಿ ಗದ್ದೆಯಲ್ಲಿ ಬೀಳುತ್ತದೆ ಎಂದು ಇವರು, ಬಿದ್ದರೆ ಬೀಳಲಿ ಚಕ್ರ ಬಿದ್ದಿಲ್ಲವಲ್ಲ ಎಂದು ಅವರು. ನಾನು ನಡುವೆ ಸೀಟು ಎಂದು ಬಾಯಿ ತೆರೆದರೆ, ಸ್ವಲ್ಪ ಇರು ಕಣೇ, ಮೊದಲು ಚಕ್ರದ್ದು ಒಂದು ತೀರ್ಮಾನ ಆಗಲಿ ಎಂದು ಫೋನಿನ ಬಾಯಿ ಮುಚ್ಚಿ ಹೇಳುತ್ತಿದ್ದರು. ನಾನು ಊಟಕ್ಕೆ ಬಡಿಸುವಾಗ ಹೇಳಿ ನೋಡಿದೆ. ಬಟ್ಟೆ ಒಣಹಾಕುವಾಗ ಹೇಳಿ ನೋಡಿದೆ. ಹೇಳುವುದನ್ನು ಬಿಟ್ಟು ಪಾತ್ರೆಗಳನ್ನು ಜೋರಾಗಿ ಇಡಲು ಶುರು ಮಾಡಿದೆ. ಯಾಕೆ ತಲೆನೋವಾ ಎಂದು ಕೇಳಿದರು. ಅವತ್ತು ಶಾಲೆಯ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿದ್ದಾಗ ನಿಲ್ಲದ ಬಸ್ಸೊಂದು ನನ್ನ ಸೀರೆಗೆ ಕೆಸರು ಹಾರಿಸಿ ಹೋಯಿತು. ನನಗೆ ಅಳು ಬಂತು. ಬಸ್ಸಿನ ಮೇಲಿನ ಸಿಟ್ಟಿಗೆ ಬಂದ ಅಳು ಅಲ್ಲ ಅದು, ನನಗೆ ಗೊತ್ತು.

ಅಣ್ಣತಮ್ಮಂದಿರು ಫೋನಿನಲ್ಲಿ ಮಾತು ಬಿಡುವ ಹಂತಕ್ಕೆ ಬಂದಾಗ ಅತ್ತೆಗೆ ಭಯವಾಯಿತು. ಹೋಗಿ ಮಾರಮ್ಮನ ಹೂವು ಕೇಳೋಣ ಎಂದರು. ನಮ್ಮ ಕಡೆ ಇದು ಇರುವುದೇ. ಮದುವೆ, ಬಾವಿ ತೋಡುವುದು, ಮನೆ ಕಟ್ಟುವುದು, ಯಾವುದರಲ್ಲೇ ಮನಸ್ಸು ಇಬ್ಬಗೆಯಾದರೂ ದೇವರ ಮುಂದೆ ನಿಂತು ಕೇಳುತ್ತೇವೆ. ಪೂಜಾರಿ ಹೂವನ್ನು ನೀರಿಗೆ ಅದ್ದಿ ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ನಾವು ಮನಸ್ಸಿನಲ್ಲೇ ಕೇಳಿಕೊಂಡು ಕಾಯಬೇಕು. ಬಲಗಡೆಯದು ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯದಾದರೆ ಬೇಡ ಎಂದು. ನಾನು ವಿಜ್ಞಾನ ಪಾಠ ಮಾಡುವವಳು, ನೀರು ಆರಿದಂತೆ ಹೂವು ಬೀಳುತ್ತದೆ ಎಂದು ನನಗೂ ಗೊತ್ತು. ಆದರೂ ಅಲ್ಲಿ ನಿಂತಾಗ ನಾನೂ ಎಲ್ಲರಂತೆ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಒಂದು ಮಂಗಳವಾರ ಕುದೇರಿನ ಗುಡಿಯಲ್ಲಿ ನಾವು ನಾಲ್ವರೂ ಸಾಲಾಗಿ ನಿಂತೆವು. ಪೂಜಾರಿ ಕೆಂಪು ಕಣಗಿಲೆ ಅಂಟಿಸಿ ಪಕ್ಕಕ್ಕೆ ಸರಿದ. ಮನಸ್ಸಿನಲ್ಲಿ ಕೇಳಿಕೊಳ್ಳಿ ಎಂದ. ಎಲ್ಲರೂ ಕಣ್ಣು ಮುಚ್ಚಿದೆವು. ಭಾವ ಮಾತ್ರ ಆಗಾಗ ಒಂದು ಕಣ್ಣು ತೆರೆದು, ಬಲಕ್ಕೆ ಕೊಡವ್ವ ಎಂದು ನೆನಪಿಸುತ್ತಿದ್ದರು. ಗಂಟೆಯ ಸದ್ದು ನಿಂತು, ಎಣ್ಣೆ ದೀಪದ ಬತ್ತಿ ಒಮ್ಮೆ ಚಟಪಟ ಎಂದು, ಇನ್ನೇನು ಅತ್ತೆಯ ಮಂಡಿ ನೋಯತೊಡಗಿತು ಅನ್ನುವಷ್ಟರಲ್ಲಿ ಹೂವು ಬಿತ್ತು. ಬಲಗಡೆಯದೇ. ಎಲ್ಲರೂ ಕೈ ಮುಗಿದೆವು. ನಾನು ಎಂದೂ ನೋಡದ ಒಂದು ದೃಶ್ಯ ಅವತ್ತು ನೋಡಿದೆ, ಅಣ್ಣನೂ ನಗುತ್ತಿದ್ದರು, ತಮ್ಮನೂ ನಗುತ್ತಿದ್ದರು.

ಗುಡಿಯ ಜಗಲಿಯಲ್ಲಿ ಕೂತು ತಂಬಿಟ್ಟು ತಿನ್ನುವಾಗ ಭಾವ ನೆಮ್ಮದಿಯಿಂದ, ಅಮ್ಮನೇ ಹೇಳಿಬಿಟ್ಟಳಲ್ಲ, ನಾಳೆಯೇ ಹೋಗಿ ಕಬ್ಬಿಣದ ಚಕ್ರದ್ದಕ್ಕೆ ಅಡ್ವಾನ್ಸು ಕೊಟ್ಟು ಬನ್ನಿ ಎಂದರು. ಯಜಮಾನರ ಕೈ ಬಾಯಿಯ ಹತ್ತಿರವೇ ನಿಂತಿತು. ಅಮ್ಮ ಕೊಟ್ಟದ್ದು ಅಲಾಯ್‌ಗೆ ಎಂದರು. ಭಾವ ಕೇಳಿಕೊಂಡದ್ದು, ಕಬ್ಬಿಣದ್ದು ತಕ್ಕಳನ, ಒಳ್ಳೇದಾದರೆ ಬಲಕ್ಕೆ ಕೊಡು ಎಂದು. ಯಜಮಾನರು ಕೇಳಿಕೊಂಡದ್ದು, ಹೊರಗಡೆ ಅಲಾಯ್ ಹಾಕಿಸುತ್ತೇನೆ, ಸರಿಯಾದರೆ ಬಲಕ್ಕೆ ಕೊಡು ಎಂದು. ಏನು ಕೇಳಬೇಕು ಎಂದು ಒಳಗೆ ಹೋಗುವ ಮೊದಲು ಮಾತಾಡಿಕೊಳ್ಳಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಎಲ್ಲರೂ ಒಂದನ್ನೇ ಕೇಳುತ್ತಿದ್ದದ್ದು ಅಭ್ಯಾಸ. ದೇವರ ಮೇಲೆ ಹಾಕಿದರೆ ಮುಗಿಯುತ್ತದೆ ಎಂದುಕೊಂಡಿದ್ದ ಜಗಳ ಈಗ ದೇವರ ಜಗಲಿಯ ಮೇಲೆಯೇ ಕೂತಿತು. ನಾನು ತಂಬಿಟ್ಟಿನ ತಟ್ಟೆಯನ್ನು ಅವರಿಬ್ಬರ ನಡುವಿನಿಂದ ನನ್ನ ಕಡೆಗೆ ಎಳೆದುಕೊಂಡೆ.

ಗದ್ದಲ ಕೇಳಿ ಪೂಜಾರಿ ಹೊರಗೆ ಬಂದ. ಇಬ್ಬರೂ ಅವನಿಗೆ ದೂರು ಹೇಳಿದರು. ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಕೇಳಿಸಿಕೊಂಡ.

"ಒಬ್ಬೊಬ್ರು ಒಂದೊಂದ್ ಕೇಳುದ್ರೆ ಅಮ್ಮ ಯಾರ್ಗೆ ಅಂತ ಕೊಟ್ಟಾಳು? ಗಾಡಿ ಯಾರ ಎಸ್ರುಲ್ಲಿ?" ಎಂದು ಕೇಳಿದ.

ಯಜಮಾನರು ನನ್ನನ್ನು ತೋರಿಸಿ, ಇವಳ ಹೆಸರಿನಲ್ಲಿ ಎಂದು ಹೇಳಿದರು. ನನ್ನ ಸಂಬಳದ ಮೇಲೆ ಕೊಳ್ಳುವುದಾದ್ದರಿಂದ ಬೇರೆ ಹೇಳುವ ಹಾಗೂ ಇರಲಿಲ್ಲ.

"ಅಂಗಾರೆ ಆಯಮ್ಮ ಏನ್ ಕೇಳ್ಕಂಡ್ರೋ ಅದುಕ್ಕೇ ಕೊಟ್ಟಿರೋದು," ಎಂದು ಅವನು ತೀರ್ಪು ಕೊಟ್ಟು ಒಳಗೆ ಹೋದ.

ಮೂವರೂ ನನ್ನ ಕಡೆ ತಿರುಗಿದರು. ಬಣ್ಣ ಯಾವುದು ಎನ್ನುವುದೊಂದನ್ನು ಬಿಟ್ಟರೆ ಈ ಕಾರಿನ ವಿಷಯದಲ್ಲಿ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಮೂರು ಮುಖಗಳು ನನ್ನ ಬಾಯಿಯನ್ನೇ ನೋಡುತ್ತಿದ್ದವು. ಅಲಾಯ್‌ಗೆ ಕೇಳಿದೆಯಾ, ಕಬ್ಬಿಣದ್ದಕ್ಕೆ ಕೇಳಿದೆಯಾ ಎಂದು ಯಜಮಾನರು ಕೇಳಿದರು.

"ಚಕ್ರದ್ದು ಕೇಳ್ಲಿಲ್ಲ. ಈ ಗಾಡೀನ ನಾನೇ ಓಡುಸೋದಾದ್ರೆ ಬಲಕ್ಕೆ ಕೊಡು, ಪಕ್ಕದಲ್ಲಿ ಕೂತಿರೋದಾದ್ರೆ ಎಡಕ್ಕೆ ಕೊಡವ್ವ ಅಂತ ಕೇಳ್ದೆ," ಎಂದೆ.

ಯಜಮಾನರು ಕೈಯಲ್ಲಿದ್ದ ತಂಬಿಟ್ಟನ್ನು ಈಗಷ್ಟೇ ಕಂಡವರಂತೆ ನೋಡುತ್ತ ಕೂತರು. ಭಾವ ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಅವರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

"ಅದ್ಕೆ ಅಮ್ಮುನ್ನ ಯಾಕವ್ವ ಕೇಳ್ದೆ? ನಮ್ಮುನ್ನ ಒಂದ್ ಮಾತು ಕೇಳಿದ್ರೆ ಆಯ್ತಿರ್ನಿಲ್ವಾ?" ಎಂದರು.

ನೀವೇ ಹೇಳಿ, ಇದಕ್ಕೆ ಏನು ಉತ್ತರ ಕೊಡುವುದು? ಮಳೆಗಾಲ ಪೂರ್ತಿ ನಾನು ಸೀಟು ಸೀಟು ಎಂದದ್ದು ಗೋಡೆಗೆ ಹೇಳಿದ್ದೇ? ನನ್ನ ಬದಲಿಗೆ ಅತ್ತೆ ಮಾತಾಡಿದರು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆ ಮಕ್ಕಳ ಮಾತಿಗೆ ಎದುರು ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಅವ್ಳು ಅವತ್ಲಿಂದ್ಲೂ ಕೇಳ್ತಾನೇ ಅವ್ಳೆ ಕಣ್ರುಲಾ. ಫೋನ್ನಲ್ಲಿ ನಂಗೇ ಕೇಳುಸ್ತಿತ್ತು. ನೀವು ಚಕ್ರ ಚಕ್ರ ಅಂತ ಬಡ್ಕತಿದ್ರಿ," ಎಂದು ಹೇಳಿ, ನನ್ನ ಮಡಿಲಲ್ಲಿದ್ದ ತಟ್ಟೆಯಿಂದ ಒಂದು ತಂಬಿಟ್ಟು ತೆಗೆದುಕೊಂಡರು.

ಮೇಲಿನ ಕಾರನ್ನೇ ಬುಕ್ ಮಾಡಿದೆವು. ಲಿವರ್ ಅದರಲ್ಲಿ ಮಾತ್ರ ಬರುವುದರಿಂದ ಅಲಾಯ್ ಚಕ್ರವೂ ಅದರ ಜೊತೆಗೇ ಬಂತು. ಅಷ್ಟಕ್ಕೆ ಜಗಳ ಮುಗಿಯಿತು ಎಂದುಕೊಂಡಿರಾ? ಯಜಮಾನರು ಟೀ ಅಂಗಡಿಯಲ್ಲಿ, ಅಮ್ಮ ಕೊಟ್ಟದ್ದು ಅಲಾಯ್‌ಗೇ ಎಂದು ಹೇಳಿಕೊಂಡು ಬಂದರು. ಭಾವ ಡಿಕ್ಕಿ ತೆಗೆಸಿ, ಅಡಿಯಲ್ಲಿದ್ದ ಸ್ಟೆಪ್ನಿಯನ್ನು ಬಡಿದು ನೋಡಿ, ಅದು ಉಕ್ಕಿನದು ಎಂದು ಖಾತ್ರಿ ಮಾಡಿಕೊಂಡು, ಕಷ್ಟ ಕಾಲಕ್ಕೆ ಬರುವುದು ಇದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹೂವು ಯಾರಿಗೆ ಬಿತ್ತು ಎಂಬುದನ್ನು ಅವರಿಬ್ಬರೂ ತಮ್ಮತಮ್ಮ ಮನಸ್ಸಿನಲ್ಲಿ ಸರಿ ಮಾಡಿಕೊಂಡರು. ಗಂಡಸರ ಜೊತೆ ಸಂಸಾರ ಮಾಡುವವರಿಗೆ ಇದೇನು ಹೊಸದಲ್ಲ.

ಗಾಡಿ ತೆಗೆದುಕೊಳ್ಳಲು ಹೋದ ದಿನ ಶೋರೂಮಿನ ಮುಂದೆ ಪೂಜೆಯಾಯಿತು. ನಾಲ್ಕು ಚಕ್ರದ ಮುಂದೆಯೂ ನಿಂಬೆಹಣ್ಣು ಇಟ್ಟರು. ಪೂಜೆಗೆ ಮುಂಚೆಯೇ ನಾನು ಒಳಗೆ ಕೂತು, ಲಿವರ್ ಆಡಿಸಿ, ಸೀಟನ್ನು ನನಗೆ ಬೇಕಾದಷ್ಟು ಎತ್ತರಿಸಿ ಮುಂದಕ್ಕೆ ಎಳೆದಿಟ್ಟಿದ್ದೆ. ಮಂಗಳಾರತಿ ಮುಗಿದದ್ದೇ ಯಜಮಾನರು ಹೋಗಿ ಡ್ರೈವರ್ ಕಡೆಯ ಬಾಗಿಲು ತೆರೆದು ಕೂತರು. ಮೋಸವೇನಿಲ್ಲ, ಅಭ್ಯಾಸ. ಅವರ ಮಂಡಿ ಸ್ಟೀರಿಂಗಿಗೆ ಸಿಕ್ಕಿಕೊಂಡಿತು, ತಲೆ ಮೇಲಕ್ಕೆ ತಾಗಿತು. ಬಲಗೈ ಲಿವರಿನ ಕಡೆ ಇಳಿಯಿತು.

"ಅದುನ್ನ ಮುಟ್ಬೇಡಿ," ಎಂದೆ.

ನನ್ನ ತರಗತಿಯ ದನಿ ಬಂದುಬಿಟ್ಟಿತ್ತು. ಆರತಿ ತಟ್ಟೆ ಹಿಡಿದಿದ್ದವರು, ಟೈ ಕಟ್ಟಿದ್ದವನು, ಸಿಹಿ ಹಂಚುತ್ತಿದ್ದವರು, ಎಲ್ಲರೂ ನಿಂತಲ್ಲೇ ನಿಂತರು. ಯಜಮಾನರು ನನ್ನನ್ನು ನೋಡಿ, ಅಣ್ಣನನ್ನು ನೋಡಿ, ಕಾಲು ಬಿಡಿಸಿಕೊಂಡು ಇಳಿದರು. ಕಾರಿನ ಮುಂದಿನಿಂದ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು, ಏನು ಮಾಡುವುದೆಂದು ತಿಳಿಯದೆ ಮೇಲಿನ ಕನ್ನಡಿ ಇಳಿಸಿ ತಮ್ಮ ಹಣೆಯ ಕುಂಕುಮ ಸರಿ ಮಾಡಿಕೊಂಡರು. ನಾನು ಕೂತೆ. ಕ್ಲಚ್ಚು ಬೇಗ ಬಿಟ್ಟು ಗಾಡಿ ಎಗರಿ ಆಫ್ ಆಯಿತು, ನಿಂಬೆಹಣ್ಣು ಹಾಗೇ ಉಳಿಯಿತು. ಯಾರೋ ಕಿಸಕ್ಕೆಂದರು. ಮತ್ತೆ ಸ್ಟಾರ್ಟ್ ಮಾಡಿದೆ. ಈ ಸಲ ನಾಲ್ಕೂ ಚಕ್ರದಡಿ ಹಣ್ಣು ಒಡೆದ ಸದ್ದು ಕೇಳಿತು. ಭಾವ ಹಿಂದಿನ ಸೀಟಿನಲ್ಲಿ ಮೇಲಿನ ಹಿಡಿಯನ್ನು ಹಿಡಿದವರು ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಬರುವವರೆಗೂ ಬಿಡಲಿಲ್ಲ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು, ನಿಧಾನ ಕಣವ್ವ ಎಂದು. ನಾನು ಆಗ ನಿಂತ ಎತ್ತಿನ ಗಾಡಿಯ ಹಿಂದೆ ನಿಂತಿದ್ದೆ.

ಈಗ ಶಾಲೆ ಬಿಟ್ಟ ಮೇಲೆ ನಾನು ಹೊರಡುವುದು ನನಗೆ ಹೊರಡಬೇಕು ಅನ್ನಿಸಿದಾಗ. ಮಕ್ಕಳ ನೋಟ್‌ಬುಕ್ಕು ತಿದ್ದುವುದಿದ್ದರೆ ತಿದ್ದುತ್ತೇನೆ, ಬಿಸಿಯೂಟದ ಅಡುಗೆಯವರ ಜೊತೆ ಒಂದು ಮಾತು ಜಾಸ್ತಿ ಆಡಿದರೂ ಎದೆ ಢವಗುಟ್ಟುವುದಿಲ್ಲ. ಸ್ಟಾಪಿನಲ್ಲಿ ಯಾರಾದರೂ ಹೆಂಗಸರು ಬಸ್ಸಿಗೆ ಕಾಯುತ್ತ ನಿಂತಿದ್ದರೆ ಹತ್ತಿಸಿಕೊಳ್ಳುತ್ತೇನೆ. ಕೆಲವು ದಿನ ಯಾವ ಕಾರಣವೂ ಇಲ್ಲದೆ ಹೊಲದ ಪಕ್ಕ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರುತ್ತೇನೆ. ಮನೆಯಲ್ಲಿ ಯಾಕೆ ತಡ ಎಂದರೆ ಹೀಗೇ ಎನ್ನುತ್ತೇನೆ.

ಭಾನುವಾರ ಕಾರು ಯಜಮಾನರದು. ಸೀಟನ್ನು ಪೂರ್ತಿ ಕೆಳಗಿಳಿಸಿ, ಹಿಂದಕ್ಕೆ ತಳ್ಳಿ, ಕಾಲು ಚಾಚಿಕೊಂಡು ಕುದೇರಿಗೆ ಹೋಗಿ ತಾಯಿಯನ್ನು ನೋಡಿ ಬರುತ್ತಾರೆ. ಬರುವಾಗ ಸಂಜೆಯಾಗಿರುತ್ತದೆ. ಗಾಡಿ ನಿಲ್ಲಿಸಿದ ಮೇಲೂ ಒಳಗೇ ಕೂತು ಏನೋ ಮಾಡುತ್ತಿರುವುದನ್ನು ಬಹಳ ದಿನ ನಾನು ಗಮನಿಸಿರಲಿಲ್ಲ. ಒಂದು ಸೋಮವಾರ ಬೆಳಗ್ಗೆ ಅವಸರದಲ್ಲಿ ಹೋಗಿ ಕೂತು, ಲಿವರಿಗೆ ಕೈ ಹಾಕಿದವಳು ಹಾಗೇ ಕೈ ತೆಗೆದೆ. ಎತ್ತುವುದಕ್ಕೆ ಏನೂ ಉಳಿದಿರಲಿಲ್ಲ. ರಸ್ತೆ ಕಾಣುತ್ತಿತ್ತು, ಕಾರಿನ ಮೂತಿಯ ಅಂಚು ಕಾಣುತ್ತಿತ್ತು. ಅಂದಿನಿಂದ ನೋಡುತ್ತಿದ್ದೇನೆ, ಒಂದು ಸೋಮವಾರವೂ ತಪ್ಪಿಲ್ಲ. ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಥ್ಯಾಂಕ್ಸ್ ಹೇಳಬೇಕು ಎಂದು ಒಂದೆರಡು ಸಲ ಬಾಯಿಯ ತನಕ ಬಂತು. ಹೇಳಲಿಲ್ಲ, ಹೇಳುವುದೂ ಇಲ್ಲ. ನನ್ನ ಸೀಟು ನನ್ನ ಎತ್ತರಕ್ಕೆ ಇರುವುದಕ್ಕೆ ನಾನು ಯಾರಿಗೆ, ಯಾಕೆ ಥ್ಯಾಂಕ್ಸ್ ಹೇಳಬೇಕು?